ಕೈಯೆತ್ತುವ ವಿದ್ಯೆ

ಸೈಕಲ್ಲಿನ ಮೇಲೆ ಹೋಗುತ್ತಿರುವ ಸೈನಿಕನೊಬ್ಬನಿಗೆ ಎದುರಿನಿಂದ ಅಧಿಕಾರಿಯೊಬ್ಬರು ಬಂದರೆ ಅವನು ಏನು ಮಾಡಬೇಕು? ಶ್ರೋತೃಗಳಿಗೆ ಇದು ನಗೆಹನಿಯೊಂದರ ಮೊದಲ ಸಾಲಿನಂತೆ ಕೇಳಿಸಬಹುದು. ನನಗಾದರೋ ಇದು, ಇಂಥದೇ ಇನ್ನು ಕೆಲವು ಪ್ರಶ್ನೆಗಳೊಡನೆ ಸೇರಿ, 1997ರಲ್ಲಿ ಕೈಗೆಟುಕಿದ್ದ ಬಡ್ತಿಯನ್ನು ತಪ್ಪಿಸಿದ ಪ್ರಶ್ನೆ.

ಆಗ ನಾನು ವಾಯುಪಡೆಯಲ್ಲಿ ಕಾರ್ಪೊರಲ್. ಬೆಳಗಾವಿಯ ಸಾಂಬ್ರಾದಲ್ಲಿ ಕವಾಯತು ಕಲಿತು, ಉತ್ತರದ ಒಂದು ವಾಯುನೆಲೆಯಲ್ಲಿ ರೇಡಿಯೋ ಯಂತ್ರಗಳ ದುರಸ್ತಿಯಲ್ಲಿ ತೊಡಗಿದ್ದೆ. ಸಾರ್ಜೆಂಟ್ ಪದವಿಯ ಪರೀಕ್ಷೆಗೆ ಕುಳಿತಾಗ ನನ್ನ ಕಸುಬಿನ ಪ್ರಶ್ನೆಗಳನ್ನೆಲ್ಲ ಲೀಲಾಜಾಲವಾಗಿ ಬರೆದೆ. ಸೇನೆಯ ಆಚಾರ, ಶಿಷ್ಟಾಚಾರಗಳ ಭಾಗವನ್ನು ಮಾತ್ರ ಓದಿರಲಿಲ್ಲ. ಓದಲು ಬೇಸರವಿತ್ತು ಎಂಬುದಕ್ಕಿಂತ, ಓದಬಾರದೆಂಬ ಹಟವಿತ್ತು ಎನ್ನುವುದು ಹೆಚ್ಚು ನಿಜ.

ಆ ಹಟಕ್ಕೆ ಕಾರಣ ನಮ್ಮ ತಂದೆ. ಅವರು ಗೇಣಿದಾರರಾಗಿದ್ದವರು. ಧಣಿಗಳ ಮನೆಯ ಮುಂದೆ ಹಾದುಹೋಗುವಾಗ ಮೆಟ್ಟನ್ನು ಕೈಯಲ್ಲಿ ಹಿಡಿದು, ಹೆಗಲ ವಲ್ಲಿಯನ್ನು ಸೊಂಟಕ್ಕೆ ಇಳಿಸಿ ನಡೆದವರು. 1974ರ ಭೂಸುಧಾರಣಾ ತಿದ್ದುಪಡಿಯ ಮೇಲೆ ಗೇಯುತ್ತಿದ್ದ ಎರಡು ಎಕರೆ ತಮ್ಮದಾದ ದಿನ ವಲ್ಲಿಯನ್ನು ಮತ್ತೆ ಹೆಗಲಿಗೇರಿಸಿದರಂತೆ. ನಾನು ಮೊದಲ ರಜೆಗೆ ಊರಿಗೆ ಹೋದಾಗ, ಅಂಗಳದಲ್ಲಿ ಹುಡುಗರಿಗೆ ಸೆಲ್ಯೂಟ್ ಮಾಡಿ ತೋರಿಸುತ್ತಿದ್ದುದನ್ನು ನೋಡಿ, “ಅಲ್ಲೂ ಕೈ ಮುಗಿಯೋದೇ ಏನಪ್ಪಾ?” ಎಂದಿದ್ದರು. ಆ ಮಾತು ಮುಳ್ಳಿನಂತೆ ಉಳಿದಿತ್ತು.

ಅನುತ್ತೀರ್ಣನಾದ ಮೇಲೆ ಹಿರಿಯ ವಾರಂಟ್ ಆಫೀಸರರೊಬ್ಬರು ಸಂಜೆಯ ಹೊತ್ತು ನನ್ನನ್ನು ಕೂರಿಸಿಕೊಂಡು ಪಾಠ ಹೇಳಿದರು. ಸೈಕಲ್ಲಿನ ಪ್ರಶ್ನೆಗೆ ಉತ್ತರ ಸರಳ: ಹಿಡಿಯಿಂದ ಕೈ ತೆಗೆಯಬಾರದು, ಅಧಿಕಾರಿಯ ಕಡೆಗೆ ಮುಖ ತಿರುಗಿಸಬೇಕು. ಬರಿತಲೆಯಲ್ಲಿರುವವನು ಕೈಯೆತ್ತುವಂತಿಲ್ಲ, ಸಾವಧಾನನಾಗಿ ನಿಂತರೆ ಸಾಕು. ನಡೆಯುತ್ತಿರುವವನು ಮೂರು ಹೆಜ್ಜೆ ಇರುವಾಗಲೇ ಕೈಯೆತ್ತಿ, ದಾಟಿ ಒಂದು ಹೆಜ್ಜೆಯಾದ ಮೇಲೆ ಇಳಿಸಬೇಕು. ಹಾದುಹೋಗುವ ಸೈನಿಕ ಶವಯಾತ್ರೆಗೆ ವಂದಿಸಬೇಕು. ಪೆಟ್ಟಿಗೆಯೊಳಗಿರುವವನು ಸಾಮಾನ್ಯ ಜವಾನನಾಗಿದ್ದರೂ ಅಧಿಕಾರಿಯ ಕೈ ಮೇಲೇಳಬೇಕು. ಈ ಕೊನೆಯದನ್ನು ಬರೆದುಕೊಳ್ಳುವಾಗ ನನ್ನ ಲೇಖನಿ ಸ್ವಲ್ಪ ತಡೆಯಿತು.

ವಂದನೆಯ ಹುಟ್ಟಿನ ಬಗ್ಗೆ ಕಥೆಗಳು ಅನೇಕ. ಯೂರೋಪಿನ ಕವಚಧಾರಿಗಳು ಮುಖದ ಜಾಲರಿಯನ್ನೆತ್ತಿ ಗುರುತು ತೋರುತ್ತಿದ್ದರೆಂಬುದು ಬಹು ಜನಪ್ರಿಯವಾದದ್ದು. ನನಗೆ ಅದು ಕಥೆಯೆಂದೇ ತೋರುತ್ತದೆ. ಬ್ರಿಟನ್ನಿನ ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್ ಪಡೆಯ 1745ರ ಆಜ್ಞೆಯೊಂದು ಹೆಚ್ಚು ನಂಬುವಂತಿದೆ. ಅಧಿಕಾರಿಯನ್ನು ಕಂಡಾಗ ಟೋಪಿ ತೆಗೆಯಬೇಡಿ, ಕೈಯನ್ನು ಟೋಪಿಗೆ ತಾಗಿಸಿ ತಲೆಬಾಗಿದರೆ ಸಾಕು ಎಂದು ಅದರ ತಾತ್ಪರ್ಯ. ಅಂದರೆ ದೊಡ್ಡ ನಮಸ್ಕಾರ ಸವೆದು ಚಿಕ್ಕದಾದದ್ದೇ ಸೆಲ್ಯೂಟ್. ನಮ್ಮಲ್ಲಿಯೂ ಅದು ಒಂದೇ ರೂಪದಲ್ಲಿಲ್ಲ: ಭೂಸೇನೆಯವರು ಅಂಗೈಯನ್ನು ಮುಂದಕ್ಕೆ ತೋರುತ್ತಾರೆ, ನೌಕಾಪಡೆಯವರದು ನೆಲ ನೋಡುತ್ತದೆ. ವಾಯುಪಡೆಯವರು ಭೂಸೇನೆಯ ಹಾಗೆಯೇ ಮಾಡುತ್ತಿದ್ದೆವು. 2006ರಲ್ಲಿ ಅಂಗೈ ನೆಲಕ್ಕೆ ನಲವತ್ತೈದು ಅಂಶಗಳ ಓರೆಯಲ್ಲಿರಬೇಕೆಂದು ಬದಲಾಯಿಸಿದರು. ಅಷ್ಟು ಕಷ್ಟಪಟ್ಟು ಕಲಿತ ಕೈಯನ್ನು ಮತ್ತೆ ತಿದ್ದಿಕೊಳ್ಳಲು ನನಗೆ ತಿಂಗಳುಗಳೇ ಹಿಡಿದವು.

ಒಂದು ಸಂಜೆ ತಡೆಯಲಾರದೆ, ತಂದೆಯವರ ಪ್ರಶ್ನೆಯನ್ನೇ ವಾರಂಟ್ ಆಫೀಸರರ ಮುಂದಿಟ್ಟೆ. ಅವರು ನಗಲಿಲ್ಲ. ನಾವು ವಂದಿಸುವುದು ಮನುಷ್ಯನಿಗಲ್ಲ, ರಾಷ್ಟ್ರಪತಿಗಳು ಅವನಿಗಿತ್ತ ಸನ್ನದಿಗೆ ಎಂದರು. ಪುಸ್ತಕದಲ್ಲಿಯೂ ಹಾಗೆಯೇ ಇತ್ತು. ನನಗೆ ಅದು ತೃಪ್ತಿ ಕೊಡಲಿಲ್ಲ. ಬಳಿಕ ಅವರು, “ನಿಮ್ಮೂರಿನ ಧಣಿ ತಿರುಗಿ ಕೈ ಮುಗಿಯುತ್ತಿದ್ದರೇನು?” ಎಂದು ಕೇಳಿದರು. ಇಲ್ಲವೆಂದೆ. “ಇಲ್ಲಿ ತಿರುಗಿ ಮಾಡಲೇಬೇಕು. ಮಾಡದಿದ್ದರೆ ತಪ್ಪು ಅವನದು” ಎಂದರು. ಆ ರಾತ್ರಿ ಆ ಅಧ್ಯಾಯವನ್ನು ಮೊದಲಿನಿಂದ ಓದಿದೆ. 1998ರಲ್ಲಿ ಉತ್ತೀರ್ಣನಾದೆ.

ಅದರ ಮರುವರ್ಷವೇ ಪುಸ್ತಕದ ಪಾಠ ರಸ್ತೆಗೆ ಬಂದಿತು. ಸಾಂಬ್ರಾದಲ್ಲಿ ನನ್ನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಗೆಳೆಯನೊಬ್ಬ ಆಯ್ಕೆಯಾಗಿ ಅಧಿಕಾರಿಯ ತರಬೇತಿಗೆ ಹೋಗಿದ್ದ. ನನ್ನ ಬಟ್ಟಲಿನಲ್ಲಿ ಚಹಾ ಕುಡಿದವನು, ನನ್ನ ಸೋಪು ಕದ್ದವನು. ಅವನೇ ನಮ್ಮ ನೆಲೆಗೆ ಅಧಿಕಾರಿಯಾಗಿ ಬಂದ. ತಾಂತ್ರಿಕ ವಿಭಾಗದ ಮುಂದಿನ ಬೇವಿನ ಮರದ ಸಾಲಿನಲ್ಲಿ ಎದುರಾದ. ಸುತ್ತ ಯಾರೂ ಇರಲಿಲ್ಲ. ಹೆಸರು ಹಿಡಿದು ಕೂಗಬಹುದಿತ್ತು; ಅವನೂ ಅದನ್ನೇ ಬಯಸಿದನೇನೋ, ಹೆಜ್ಜೆ ನಿಧಾನ ಮಾಡಿದ. ಮೂರು ಹೆಜ್ಜೆ ಉಳಿದಿರುವಾಗ ನನ್ನ ಕೈ ತಾನಾಗಿ ಮೇಲಕ್ಕೆ ಹೋಯಿತು. ಅವನ ಮುಖ ಕೆಂಪಾಯಿತು. ಮರುಕ್ಷಣವೇ ಅವನ ಕೈಯೂ ಎದ್ದಿತು, ನನ್ನದಕ್ಕಿಂತ ಬಿಗಿಯಾಗಿ. “ಗುಡ್ ಮಾರ್ನಿಂಗ್, ಸಾರ್” ಎಂದೆ. ಅವನು ಕನ್ನಡದಲ್ಲಿ, “ಅಮ್ಮ ಹೇಗಿದ್ದಾರೋ?” ಎಂದ.

ಇದನ್ನೆಲ್ಲ ತಂದೆಯವರಿಗೆ ಪತ್ರದಲ್ಲಿ ವಿವರವಾಗಿ ಬರೆದೆ. ಅವರು ನೆರೆಮನೆಯ ಹುಡುಗನಿಂದ ಬರೆಸಿದ ಉತ್ತರ ಬಂದಿತು. ಮಳೆ, ಬೆಳೆ, ಹಸು ಕರು ಹಾಕಿದ್ದು ಎಲ್ಲ ಆದ ಮೇಲೆ ಕೊನೆಯಲ್ಲಿ ಒಂದೇ ಸಾಲು: “ಅವನು ತಿರುಗಿ ಕೈಯೆತ್ತಿದ್ದು ಸಂತೋಷ. ಮೊದಲು ಎತ್ತಿದವರು ಯಾರು ಅಂತ ಬರೆದಿಲ್ಲ.”