ಕಬಳಿಸಿದ ನೆಲದ ಬಾಡಿಗೆ

(ಹುಡಗಿ: ಜುಮಾ ಖುತ್ಬಾದ ಸಾರಾಂಶ)



ಅನ್ಯಾಯವಾಗಿ ಗೇಣು ನೆಲ ಕಬಳಿಸಿದವನ ಕೊರಳಿಗೆ ಅಂತ್ಯದಿನ ಏಳು ಭೂಮಿಗಳ ಭಾರ ಬೀಳುವುದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಕಬಳಿಸಿದವನ ಮಾತಾಯಿತು. ಆ ನೆಲದಿಂದ ಲಾಭ ಪಡೆಯುವವನ ಪಾಡೇನು?

ಫೆಲೆಸ್ತೀನಿನ ಪಶ್ಚಿಮ ದಂಡೆಯ ಇಸ್ರೇಲಿ ಅಕ್ರಮ ವಸತಿಗಳಲ್ಲಿನ ಮನೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡಿಸುತ್ತಿದ್ದ ಏರ್‌ಬಿಎನ್‌ಬಿ ಕಂಪೆನಿ, 2018ರ ನವೆಂಬರ್‌ನಲ್ಲಿ ಅಂತಹ ಸುಮಾರು 200 ಮನೆಗಳನ್ನು ಪಟ್ಟಿಯಿಂದ ತೆಗೆಯುವುದಾಗಿ ಹೇಳಿತು. ಮೊಕದ್ದಮೆಗಳು ಬಿದ್ದವು. 2019ರ ಏಪ್ರಿಲ್‌ನಲ್ಲಿ ಮಾತು ಬದಲಾಯಿತು: ಮನೆಗಳು ಪಟ್ಟಿಯಲ್ಲೇ ಇರುತ್ತವೆ, ಲಾಭವನ್ನು ಮಾನವೀಯ ನೆರವಿಗೆ ಕೊಡುತ್ತೇವೆ. ಕೇಳಲು ಚೆಂದ. ಆದರೆ ಆಲಿವ್ ತೋಟ ಕಳೆದುಕೊಂಡವನಿಗೆ ಬೇಕಾದದ್ದು ತೋಟ, ದಾನವಲ್ಲ. ವಂಚನೆಯ ಗಳಿಕೆಯ ದಾನವನ್ನು ಅಲ್ಲಾಹನು ಸ್ವೀಕರಿಸುವುದಿಲ್ಲ. ಹಕ್ಕುದಾರನಿಗೆ ಹಕ್ಕು ಮರಳಿಸದೆ ತೌಬಾ ಪೂರ್ತಿಯಾಗದು.

'ವಿವಾದಿತ ಪ್ರದೇಶ' ಎಂಬ ಮಾತು ಕಂಪೆನಿಗಳಿಗೆ ಬಹಳ ಅನುಕೂಲ. ನಮ್ಮ ಬೀದರ್ ಕೂಡ ವಿವಾದದಲ್ಲಿದೆ. 2022ರ ಡಿಸೆಂಬರ್ 27ರಂದು ಮಹಾರಾಷ್ಟ್ರ ವಿಧಾನಮಂಡಲ ತನ್ನವೆಂದು ನಿರ್ಣಯಿಸಿದ 865 ಊರುಗಳಲ್ಲಿ ಈ ಭಾಗದವೂ ಇವೆ. ಆದರೆ ಆ ನಿರ್ಣಯದಿಂದ ಯಾರ ಹೊಲವೂ ಕೈಬಿಟ್ಟು ಹೋಗಲಿಲ್ಲ. ಉಮರ್ಗಾ, ಸೋಲಾಪುರದವರೊಂದಿಗೆ ನಾವು ನಿಶ್ಚಿಂತೆಯಿಂದ ವ್ಯಾಪಾರ ಮಾಡಬಹುದು. ರಾಜ್ಯಗಳ ಗಡಿ ತಕರಾರು ಬೇರೆ, ಒಡೆಯನನ್ನು ಒಕ್ಕಲೆಬ್ಬಿಸುವುದು ಬೇರೆ.

ಇನ್ನು ನಮ್ಮ ಓಣಿಗೆ ಬರೋಣ. ಕೆಲವರು ಅಕ್ಕತಂಗಿಯರ ಪಾಲು ಕೊಡದೆ ಅಪ್ಪನ ಜಾಗದಲ್ಲಿ ಮಳಿಗೆ ಕಟ್ಟಿ ಬಾಡಿಗೆ ಎಣಿಸುತ್ತಾರೆ, ರಮಝಾನಿನಲ್ಲಿ ಅವರಿಗೇ ಬಟ್ಟೆ ಕೊಡಿಸಿ ಉದಾರಿಗಳೆನಿಸುತ್ತಾರೆ. ಅಂತಹವರು ಮುಂದಿನ ಬಾಡಿಗೆ ಕೈಸೇರುವ ಮೊದಲೇ ಅಕ್ಕತಂಗಿಯರನ್ನು ಕರೆದು ಜಮೀನಿನ ಕಾಗದ ಮುಂದಿಡಲಿ.