ತಿಂಗಳ ಮುಟ್ಟೂ ಅರೆತಲೆನೋವೂ

(ಪ್ರತಾಪ ನಗರದಲ್ಲಿ ಸೇರಿದ್ದ ನಮ್ಮ ಮಹಿಳಾ ಬಳಗದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವವೆಂದರೆ ಕದಂಬರಿಂದ ಹಿಡಿದು ಏಕೀಕರಣದವರೆಗೆ ಮಾತನಾಡಬಲ್ಲ ವಿದ್ವಾಂಸರಿಗೆ ನಮ್ಮಲ್ಲಿ ಕೊರತೆಯಿಲ್ಲ. ನಮಗೆ ಒಪ್ಪಿಸಿರುವುದು ಹೆಂಗಸರ ಆರೋಗ್ಯದ ಮಾತು. ಯಾವ ವಿಷಯವನ್ನು ಆರಿಸೋಣವೆಂದು ಬಳಗದಲ್ಲಿ ಚರ್ಚೆಯಾದಾಗ ಒಬ್ಬರು ಸಕ್ಕರೆ ಕಾಯಿಲೆ ಎಂದರು, ಇನ್ನೊಬ್ಬರು ಮೊಣಕಾಲ ನೋವು ಎಂದರು. ಅಂದು ಬರಬೇಕಾಗಿದ್ದ ಸೋದರಿಯೊಬ್ಬರು ತಲೆನೋವೆಂದು ಬಂದಿರಲಿಲ್ಲ. ಹೋದ ತಿಂಗಳೂ ಅದೇ ಕಾರಣವಾಗಿತ್ತೆಂದು ಯಾರೋ ನೆನಪಿಸಿದರು. "ಅವರಿಗೆ ಸಭೆಯೆಂದರೇ ತಲೆನೋವು" ಎಂದು ಮತ್ತೊಬ್ಬರು ನಗೆಯಾಡಿದರು. ನಾವೆಲ್ಲರೂ ನಕ್ಕೆವು. ಆ ನಗುವಿಗೆ ತಪ್ಪುಕಾಣಿಕೆಯೆಂದು ತಿಳಿದು ಈ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಮುಟ್ಟಿನ ಮಾತನ್ನು ನಮ್ಮವರು ನೇರವಾಗಿ ಆಡುವುದಿಲ್ಲ. ಹೊರಗಾದಳು ಎನ್ನುತ್ತೇವೆ, ದೂರ ಕೂತಳು ಎನ್ನುತ್ತೇವೆ, ಮಕ್ಕಳು ಕೇಳಿದರೆ ಕಾಗೆ ಮುಟ್ಟಿತು ಎನ್ನುತ್ತೇವೆ. ಇಲ್ಲಿಗೆ ಬಂದ ಮೇಲೆ ನೋಡಿದರೆ ಪಕ್ಕದ ಮನೆಯ ಮರಾಠಿ ಬಾಯಿಯವರೂ "ಕಾವಳಾ ಶಿವಲಾ" ಎನ್ನುತ್ತಾರೆ. ಅದೇ ಕಾಗೆ, ಅದೇ ಮುಟ್ಟು! ಎರಡು ರಾಜ್ಯಗಳ ನಡುವೆ ಗಡಿಯ ತಕರಾರು ಏನೇ ಇರಲಿ, ಈ ಕಾಗೆಗೆ ಮಾತ್ರ ಗಡಿಯಿಲ್ಲ. ಹನ್ನೆರಡನೆಯ ಶತಮಾನದ ಶರಣರ ಪರಂಪರೆ ತಿರಸ್ಕರಿಸಿದ ಐದು ಸೂತಕಗಳಲ್ಲಿ ರಜಸ್ಸೂತಕವೂ ಒಂದು. ನಮ್ಮ ನಾಡಿನಲ್ಲಿ ಅಷ್ಟು ಹಿಂದೆಯೇ ಇದನ್ನು ಬಾಯಿಬಿಟ್ಟು ಆಡಿದವರಿದ್ದರು ಎಂದಾಗ ನಾವು ಇಂದು ನಾಚುವುದರಲ್ಲಿ ಅರ್ಥವಿಲ್ಲ. ಡಾ. ಅನುಪಮಾ ನಿರಂಜನರ ಪುಸ್ತಕಗಳನ್ನು ಓದಿದವರಿಗೆ ಈ ಮಾತು ಹೊಸದೂ ಅಲ್ಲ.

ಈಗ ತಲೆನೋವಿಗೆ ಬರೋಣ. ನಾವು ಹೇಳುತ್ತಿರುವುದು ಬಿಸಿಲಿಗೆ ಹೋಗಿಬಂದಾಗ ಹಿಡಿದು, ಕಾಫಿ ಕುಡಿದರೆ ಬಿಡುವ ತಲೆಭಾರವನ್ನಲ್ಲ. ಒಂದು ಬದಿಯ ಕಣತಲೆ ನಾಡಿಯಂತೆ ಪಟಪಟ ಬಡಿಯುತ್ತದೆ. ಮೆಟ್ಟಿಲು ಹತ್ತಿದರೆ ಹೆಚ್ಚುತ್ತದೆ. ಹೊಟ್ಟೆ ತೊಳೆಸಿ ವಾಂತಿಯಾಗುತ್ತದೆ. ಕಿಟಕಿಯ ಬೆಳಕು ಚುಚ್ಚುತ್ತದೆ, ಕುಕ್ಕರಿನ ಸೀಟಿ ಮಿದುಳಿಗೇ ಹೊಡೆದಂತಾಗುತ್ತದೆ, ದಿನವೂ ಹಿತವಾಗಿದ್ದ ಇಂಗಿನ ಒಗ್ಗರಣೆ ಅಸಹ್ಯವಾಗುತ್ತದೆ. ಮದ್ದು ಮಾಡದಿದ್ದರೆ ನಾಲ್ಕು ಗಂಟೆಯಿಂದ ಮೂರು ದಿನದವರೆಗೆ ಇದರ ಆಳ್ವಿಕೆ. ಆಯುರ್ವೇದದವರು ಇದನ್ನು ಅರ್ಧಾವಭೇದಕವೆಂದು ಕರೆದರು. ಮರಾಠಿಯಲ್ಲಿ ಅರ್ಧಶಿಶಿ, ನಮ್ಮಲ್ಲಿ ಅರೆತಲೆನೋವು. ಇಂಗ್ಲಿಷಿನ ಮೈಗ್ರೇನ್ ಕೂಡ 'ಅರ್ಧ ತಲೆಬುರುಡೆ' ಎಂಬ ಅರ್ಥದ ಗ್ರೀಕ್ ಮಾತಿನಿಂದಲೇ ಬಂದದ್ದು.

ಇದು ಅಪರೂಪದ ರೋಗವೆ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬೆಂಗಳೂರು ನಗರದಲ್ಲೂ ಸುತ್ತಲ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ, ೧೮ರಿಂದ ೬೫ರ ವಯಸ್ಸಿನ ೨,೩೨೯ ಮಂದಿಯನ್ನು ವಿಚಾರಿಸಿ, ೨೦೧೫ರಲ್ಲಿ ವರದಿ ಪ್ರಕಟಿಸಿದರು. ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್ ಕಂಡವರು ನೂರಕ್ಕೆ ಇಪ್ಪತ್ತೈದು ಮಂದಿ! ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಯವರಿಗಿಂತ ಹಳ್ಳಿಯವರಲ್ಲಿ ಹೆಚ್ಚು. ಇದು ಓದಿದ ಹೆಂಗಸರ ನಾಜೂಕು, ಪಟ್ಟಣದ ಶೋಕಿ ಎನ್ನುವವರು ಆ ಹಳ್ಳಿಗಳ ಲೆಕ್ಕವನ್ನು ನೋಡಬೇಕು. ಚಿಕ್ಕಂದಿನಲ್ಲಿ ಗಂಡು ಹೆಣ್ಣು ಮಕ್ಕಳಿಗೆ ಹೆಚ್ಚುಕಡಿಮೆ ಸಮನಾಗಿರುವ ಈ ಬೇನೆ, ಹೆಣ್ಣು ಮೈನೆರೆದ ಮೇಲೆ ಅವಳಲ್ಲಿ ಎರಡು ಮೂರು ಪಟ್ಟಾಗುತ್ತದೆ. ಕಾರಣವನ್ನು ಎಲ್ಲಿ ಹುಡುಕಬೇಕೆಂಬುದಕ್ಕೆ ಇದೇ ಸುಳುಹು.

ನಮಗೆ ಆ ಸುಳುಹು ಸಿಕ್ಕಿದ್ದು ಅಡಿಗೆ ಮನೆಯ ಗೋಡೆಯಲ್ಲಿ. ನಮ್ಮ ಮನೆಗಳಲ್ಲಿ ಕಾಲನಿರ್ಣಯ ತೂಗುಹಾಕಿರುತ್ತದಷ್ಟೆ. ಏಕಾದಶಿ ಸಂಕಷ್ಟಿಗಳ ಜೊತೆಗೆ ಹಾಲು ಬಾರದ ದಿನ, ಗ್ಯಾಸಿನ ಸಿಲಿಂಡರು ಹಚ್ಚಿದ ದಿನ, ಕೆಲಸದ ಬಾಯಿ ಬಾರದ ದಿನ, ಎಲ್ಲಕ್ಕೂ ಅದರಲ್ಲಿ ಗುರುತುಂಟು. ಮುಟ್ಟಿನ ದಿನಕ್ಕೂ ಒಂದು ಸಣ್ಣ ಚುಕ್ಕೆ. ವ್ರತಕ್ಕೆ, ಪೂಜೆಗೆ ಲೆಕ್ಕ ಬೇಕಲ್ಲ! ನಮ್ಮ ಬಳಗದ ಒಂದು ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿಗೆ ಪದೇ ಪದೇ ತಲೆಶೂಲೆ. ಕನ್ನಡಕ ಎರಡು ಸಲ ಬದಲಾಯಿತು. ಮೊಬೈಲನ್ನು ಬೈದದ್ದಾಯಿತು. ಪರೀಕ್ಷೆಯ ಕಳ್ಳಾಟವೆಂದು ತಂದೆ ಗದರಿದ್ದೂ ಆಯಿತು. ಒಮ್ಮೆ ತಾಯಿ ಹಾಲಿನ ಲೆಕ್ಕ ಮಾಡುವಾಗ, ಮಗಳು ಕಾಲೇಜು ತಪ್ಪಿಸಿದ ದಿನಗಳಿಗೆ ತಾವೇ ಸಿಟ್ಟಿನಿಂದ ಹಾಕಿದ್ದ ಅಡ್ಡಗೀಟುಗಳು ಕಣ್ಣಿಗೆ ಬಿದ್ದವು. ಮೂರು ತಿಂಗಳ ಹಾಳೆ ತಿರುವಿದರು. ಪ್ರತಿ ಗೀಟೂ ಚುಕ್ಕೆಗೆ ಒಂದೆರಡು ದಿನ ಮೊದಲು, ಇಲ್ಲವೆ ಚುಕ್ಕೆಯ ಮೇಲೆಯೇ. ಆ ತಾಯಿ ಅದನ್ನು ನಮಗೆ ಹೇಳುವಾಗ ಅತ್ತರು. "ನಾನೂ ಹೆಂಗಸಾಗಿ ಇದು ತೋಚಲಿಲ್ಲವಲ್ಲ" ಎಂದರು.

ನಮಗಾದರೂ ಎಲ್ಲಿ ತೋಚಿತ್ತು? ಅಜ್ಜಿಯ ಕಾಲದಿಂದ ಈ ದಿನಗಳ ಲೆಕ್ಕ ಇಡುತ್ತಲೇ ಬಂದಿದ್ದೇವೆ. ಆದರೆ ಅದೆಲ್ಲ ದೇವರ ಮನೆಯ ಮಡಿಗಾಗಿ. ಆ ಹೆಂಗಸಿನ ತಲೆಯ ಸಲುವಾಗಿ ಯಾರೂ ಆ ಲೆಕ್ಕವನ್ನು ಓದಲಿಲ್ಲ.

ವೈದ್ಯರ ಲೆಕ್ಕವೂ ಆ ತಾಯಿಯ ಲೆಕ್ಕದಂತೆಯೇ ಇದೆ. ಮುಟ್ಟಿಗೆ ಎರಡು ದಿನ ಮೊದಲಿನಿಂದ ಮುಟ್ಟಿನ ಮೂರನೆಯ ದಿನದವರೆಗೆ, ಮೂರು ತಿಂಗಳಲ್ಲಿ ಎರಡು ಸಲವಾದರೂ ಅರೆತಲೆನೋವು ಬಂದರೆ ಅದನ್ನು ಮುಟ್ಟಿಗೆ ಸಂಬಂಧಿಸಿದ್ದೆಂದು ತಿಳಿಯುತ್ತಾರೆ. ಕಾರಣ ಈಸ್ಟ್ರೋಜನ್ ಎಂಬ ಹಾರ್ಮೋನು. ಅದು ಹೆಚ್ಚಾಗಿ ನೋವು ಬರುತ್ತದೆಂದು ಎಷ್ಟೋ ಮಂದಿ ಭಾವಿಸುತ್ತಾರೆ. ನಿಜವಾಗಿ, ತಿಂಗಳ ಕೊನೆಗೆ ಅದು ಥಟ್ಟನೆ ಇಳಿಯುವುದೇ ನೋವನ್ನು ಎಬ್ಬಿಸುವುದು. ಇದನ್ನು ತೋರಿಸಿದ ಕಥೆ ಸ್ವಾರಸ್ಯವಾಗಿದೆ. ೧೯೭೧-೭೨ರಲ್ಲಿ ಆಸ್ಟ್ರೇಲಿಯದ ಸಾಮರ್‌ವಿಲ್ ಎಂಬ ವೈದ್ಯರು ಈ ಬೇನೆಯ ಕೆಲವರು ಹೆಂಗಸರಿಗೆ ಮುಟ್ಟಿನ ಮುಂಚೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನನ್ನು ಕೊಟ್ಟರು. ಮುಟ್ಟು ಮುಂದಕ್ಕೆ ಹೋಯಿತು. ತಲೆನೋವು ಮಾತ್ರ ಹೆಚ್ಚಿನವರಿಗೆ ತನ್ನ ದಿನಕ್ಕೇ ಬಂದಿತು. ಆಮೇಲೆ ಈಸ್ಟ್ರೋಜನ್ನಿನ ಚುಚ್ಚುಮದ್ದು ಕೊಟ್ಟು ನೋಡಿದರು. ಈಗ ಮುಟ್ಟು ತನ್ನ ದಿನಕ್ಕೆ ಬಂದಿತು, ತಲೆನೋವು ಮುಂದಕ್ಕೆ ಹೋಯಿತು! ಅಂದಮೇಲೆ ಇದು ಹಟವಲ್ಲ, ನೆಪವಲ್ಲ, ಗಂಡನ ಮನೆಯ ಮೇಲಿನ ಮುನಿಸೂ ಅಲ್ಲ. ರಕ್ತದಲ್ಲಿ ಅಳೆದು ನೋಡಬಹುದಾದ ಏರಿಳಿತ.

ಹಲವರಿಗೆ ಗರ್ಭಿಣಿಯಾಗಿದ್ದಾಗ ಕೊನೆಯ ತಿಂಗಳುಗಳಲ್ಲಿ ಇದು ತಣ್ಣಗಿರುವುದಕ್ಕೂ, ಬಾಣಂತಿಯಾದೊಡನೆ ಮರಳುವುದಕ್ಕೂ, ನಲವತ್ತು ದಾಟಿ ಮುಟ್ಟು ಹಿಂದುಮುಂದಾಗುವ ವರ್ಷಗಳಲ್ಲಿ ಕೆರಳುವುದಕ್ಕೂ ಇದೇ ಕಾರಣ. ಮುಟ್ಟು ನಿಂತ ಮೇಲೆ ಅನೇಕರಿಗೆ ಶಮನವಾಗುತ್ತದೆ.

ಇನ್ನು ಉಪಾಯ. ದಿನ ಗೊತ್ತಾದರೆ ಅರ್ಧ ಭಯ ಹೋಯಿತು. ಮಿಕ್ಕ ಅರ್ಧಕ್ಕೆ ಮದ್ದುಂಟು. ಈ ಹಾರ್ಮೋನಿನ ಇಳಿತವನ್ನು ನಾವು ತಡೆಯಲಾರೆವು, ಆದರೆ ಅದರ ಮೇಲೆ ಇನ್ನಷ್ಟು ಹೊರೆ ಹೇರದಿರಬಹುದು. ಉಪವಾಸ, ನಿದ್ದೆಗೇಡು, ನೀರಿನ ಕೊರತೆ ಇವು ಮೂರೂ ಅರೆತಲೆನೋವಿಗೆ ಆಪ್ತ ಬಂಧುಗಳು. ನಾವಿರುವ ಊರಾದರೂ ಎಂಥದು! ೨೦೧೩ರ ಮೇ ೨೩ರಂದು ೪೭.೯ ಡಿಗ್ರಿ ಮುಟ್ಟಿದ ನಾಗಪುರ. ಇಂಥ ಬೇಸಗೆಯಲ್ಲಿ ಚುಕ್ಕೆಯ ಹಿಂದುಮುಂದಿನ ದಿನ ನಿರಾಹಾರ ಏಕಾದಶಿ ಮಾಡುವ ಸೋದರಿಯರು, ಆ ತಿಂಗಳ ಮಟ್ಟಿಗೆ ಒಂದು ಲೋಟ ಮಜ್ಜಿಗೆಯನ್ನಾದರೂ ಒಪ್ಪಿಕೊಳ್ಳಬೇಕು. ಕಾಫಿಯ ಮಾತೂ ಒಂದಿದೆ. ದಿನಕ್ಕೆ ಮೂರು ಲೋಟ ಕುಡಿಯುವವರು ಒಂದು ದಿನ ಬಿಟ್ಟರೆ ಅದೇ ತಲೆನೋವಾಗುತ್ತದೆ. ಊರಿನಿಂದ ಬಂದ ಕಾಫಿ ಪುಡಿ ಮುಗಿದಾಗಲೆಲ್ಲ ತಲೆ ಹಿಡಿಯುತ್ತಿದ್ದ ಒಬ್ಬರು ನಮ್ಮಲ್ಲಿದ್ದಾರೆ, ಹೆಸರು ಹೇಳುವುದಿಲ್ಲ. ಅವರ ಕ್ಯಾಲೆಂಡರಿನಲ್ಲಿ ಚುಕ್ಕೆಗೂ ಗೀಟಿಗೂ ನಂಟೇ ಇರಲಿಲ್ಲ! ಆದ್ದರಿಂದ ಎಲ್ಲವನ್ನೂ ಮುಟ್ಟಿನ ತಲೆಗೆ ಕಟ್ಟಬಾರದು, ಬರೆದು ನೋಡಬೇಕು.

ಗುಳಿಗೆಯ ವಿಷಯದಲ್ಲಿ ನಮ್ಮವರ ತಪ್ಪು ಎರಡು. ಒಂದು, ತಡೆಯಲಾರದ ತನಕ ತಡೆದುಕೊಳ್ಳುವುದು. ಅರೆತಲೆನೋವಿನಲ್ಲಿ ಹೊಟ್ಟೆಯ ಕೆಲಸವೇ ನಿಧಾನವಾಗುತ್ತದೆ. ವಾಂತಿ ಶುರುವಾದ ಮೇಲೆ ನುಂಗಿದ ಗುಳಿಗೆ ಅಲ್ಲಿಯೇ ಕೂತಿರುತ್ತದೆ. ಡಾಕ್ಟರು ಕೊಟ್ಟದ್ದನ್ನು ಮೊದಲ ಗಂಟೆಯಲ್ಲೇ ತೆಗೆದುಕೊಳ್ಳಬೇಕು. ಇನ್ನೊಂದು ತಪ್ಪು ಇದಕ್ಕೆ ವಿರುದ್ಧವಾದದ್ದು: ಅಂಗಡಿಯಿಂದ ತಂದ ನೋವಿನ ಗುಳಿಗೆಯನ್ನು ಕಡಲೆಯಂತೆ ನುಂಗುವುದು. ಸಾದಾ ನೋವಿನ ಗುಳಿಗೆಯನ್ನು ತಿಂಗಳಿಗೆ ಹದಿನೈದು ದಿನ, ಮಿಶ್ರ ಗುಳಿಗೆಗಳನ್ನೂ ಟ್ರಿಪ್ಟಾನ್ ಎಂಬ ಮೈಗ್ರೇನಿನದೇ ಗುಳಿಗೆಗಳನ್ನೂ ಹತ್ತು ದಿನ ತೆಗೆದುಕೊಳ್ಳುತ್ತ ಹೋದರೆ, ಮೂರು ತಿಂಗಳಲ್ಲಿ ಗುಳಿಗೆಯೇ ತಲೆನೋವನ್ನು ತರತೊಡಗುತ್ತದೆ. ಮುಟ್ಟಿನ ಹೊಟ್ಟೆನೋವಿಗೆ ಮನೆಮನೆಯಲ್ಲೂ ಇರುವ ಮೆಫೆನಾಮಿಕ್ ಆಮ್ಲದ ಗುಳಿಗೆಯ ಬಗ್ಗೆಯೂ, ಅಪರೂಪವಾಗಿ ತೀವ್ರ ಅಲರ್ಜಿಯಾದೀತೆಂದು ೨೦೨೩ರ ಕೊನೆಯಲ್ಲಿ ಭಾರತೀಯ ಔಷಧಕೋಶ ಆಯೋಗ ಎಚ್ಚರಿಕೆ ಹೊರಡಿಸಿತು. ಮುಟ್ಟು ದಿನ ತಪ್ಪದೆ ಬರುವವರಿಗೆ, ಎರಡು ದಿನ ಮುಂಚಿನಿಂದ ಐದಾರು ದಿನ ಮಾತ್ರ ನೆಪ್ರಾಕ್ಸೆನ್ ಅಥವಾ ಟ್ರಿಪ್ಟಾನ್ ಕೊಟ್ಟು ನೋವು ಬಾರದಂತೆ ನೋಡಿಕೊಳ್ಳುವ ಕ್ರಮವೂ ಇದೆ. ಹೃದ್ರೋಗ, ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು, ಆಸ್ತಮಾ ಇದ್ದವರಿಗೆ ಇವುಗಳಲ್ಲಿ ಕೆಲವು ಆಗಿಬರುವುದಿಲ್ಲ. ಆದ್ದರಿಂದ ಅದು ಡಾಕ್ಟರರ ಕೈಯಿಂದಲೇ ಆಗಬೇಕು.

ಈಗ ಹೇಳುವ ಮಾತಿಗೆ ಹಿರಿಯ ತಾಯಂದಿರು ಕಿವಿಗೊಡಬೇಕು. ಗೌರಿಹಬ್ಬ, ವರಮಹಾಲಕ್ಷ್ಮಿ, ಮಗನ ಮುಂಜಿ, ಸತ್ಯನಾರಾಯಣ ಪೂಜೆ ಬಂದರೆ ಮುಟ್ಟನ್ನು ಮುಂದೂಡುವ ಗುಳಿಗೆಯನ್ನು ಅಂಗಡಿಯಿಂದ ತರಿಸುವುದು ನಮ್ಮಲ್ಲಿ ರೂಢಿಯಾಗಿದೆ. ಸೊಸೆಗೆ ಅತ್ತೆಯವರೇ ತರಿಸಿಕೊಟ್ಟದ್ದೂ ಉಂಟು. ಅದು ಸಾಮಾನ್ಯವಾಗಿ ನಾರೆತಿಸ್ಟೆರೋನ್. ಸಾಮರ್‌ವಿಲ್ಲರ ಕಥೆಯನ್ನು ನೆನೆಯಿರಿ: ಮುಟ್ಟು ಮುಂದೆ ಹೋದ ಮಾತ್ರಕ್ಕೆ ತಲೆನೋವು ಮುಂದೆ ಹೋದೀತೆಂಬ ಭರವಸೆಯಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಕೆಲವರಿಗೆ ನೋವಿಗೆ ಮೊದಲು ಕಣ್ಣೆದುರು ಮಿನುಗುವ ಅಂಕುಡೊಂಕು ಗೆರೆ ಕಾಣುತ್ತದೆ, ನೋಟದ ಒಂದು ತುಣುಕು ಮಾಯವಾಗುತ್ತದೆ, ಕೈ ಜುಮ್ಮೆನ್ನುತ್ತದೆ. ವೈದ್ಯರು ಇದನ್ನು ಔರಾ ಎನ್ನುತ್ತಾರೆ. ಔರಾ ಇದ್ದವರು ಈಸ್ಟ್ರೋಜನ್ ಬೆರೆತ ಗರ್ಭನಿರೋಧಕ ಗುಳಿಗೆ ನುಂಗಿದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಮುಂದೂಡುವ ಗುಳಿಗೆಯ ಸ್ವಲ್ಪ ಅಂಶವೂ ಮೈಯೊಳಗೆ ಈಸ್ಟ್ರೋಜನ್ ಜಾತಿಯ ವಸ್ತುವಾಗಿ ಮಾರ್ಪಡುತ್ತದೆ. ಔರಾ ಇರುವವಳೂ, ಹಿಂದೆ ರಕ್ತನಾಳದಲ್ಲಿ ಗೆಡ್ಡೆ ಕಟ್ಟಿದ್ದವಳೂ ಡಾಕ್ಟರರನ್ನು ಕೇಳದೆ ಇದನ್ನು ಮುಟ್ಟಲೇಬಾರದು. ತಾಯಿ ಗೌರಿ ನಾಲ್ಕು ದಿನ ಕಾಯಲಾರಳೆ?

ಡಾಕ್ಟರರ ಬಳಿ ಹೋದಾಗಲೂ ನಮ್ಮಂಥ ಪರವೂರಿನವರಿಗೆ ಬೇರೆಯೇ ಕಷ್ಟ. ಧಾರವಾಡದಿಂದಲೋ ಹಾಸನದಿಂದಲೋ ಹೊಸದಾಗಿ ಬಂದ ಹುಡುಗಿಗೆ ಕನ್ನಡದಲ್ಲಿ ಸಿಡಿತ, ಸೆಳೆತ, ಚಳಕು, ಹೊಟ್ಟೆ ತೊಳೆಸು ಎಂದು ಹತ್ತು ಮಾತಿವೆ. ಹಿಂದಿಯಲ್ಲಿ ಅವಳಿಗೆ ಬರುವುದು "ಸಿರ್ ದರ್ದ್" ಎಂಬ ಒಂದೇ ಮಾತು. ಆ ಒಂದು ಮಾತಿಗೆ ಒಂದು ಗುಳಿಗೆ ಸಿಗುತ್ತದೆ, ಅಲ್ಲಿಗೆ ಮುಗಿಯಿತು. ನಮ್ಮಲ್ಲೊಬ್ಬರು ಹೀಗೆ ನಾಲ್ಕು ವರ್ಷ ಕಳೆದರು. ಅದಕ್ಕಾಗಿ ನಾಲ್ಕು ಮರಾಠಿ ಮಾತು ಕಲಿತುಕೊಳ್ಳಿ: ಪಟಪಟ ಬಡಿತಕ್ಕೆ ಠಣಕ, ಹೊಟ್ಟೆ ತೊಳೆಸುವುದಕ್ಕೆ ಮಳಮಳ, ಅರೆತಲೆನೋವಿಗೆ ಅರ್ಧಶಿಶಿ, ಮುಟ್ಟಿಗೆ ಪಾಳಿ. ಈ ಪಾಳಿ ಎಂಬುದು ನಮ್ಮ ಸರತಿ ಎಂಬ ಅರ್ಥದ ಪಾಳಿಯೇ ಆದ್ದರಿಂದ ಮರೆಯುವಂತಿಲ್ಲ. ಮಾತು ಬಾರದಿದ್ದರೆ ಮೂರು ತಿಂಗಳ ಕ್ಯಾಲೆಂಡರನ್ನೇ ಮೇಜಿನ ಮೇಲಿಡಿ. ಚುಕ್ಕೆಗೂ ಗೀಟಿಗೂ ಅನುವಾದ ಬೇಡ. ಊರವರು ಬರಿಯ 'ಮೆಡಿಕಲ್' ಎನ್ನುವ, ೧೯೪೭ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಮಿಹಾನಿನಲ್ಲಿ ಏಮ್ಸ್ ಇದೆ. ಆದರೆ ಸಿಡಿಲು ಬಡಿದಂತೆ ಒಮ್ಮೆಲೆ ಬಂದ ನೋವು, ಜ್ವರದೊಡನೆ ಕತ್ತು ಸೆಟೆದ ನೋವು, ಮಾತು ತೊದಲಿ ಕೈಕಾಲು ಸೋತ ನೋವು ಇವುಗಳಿಗೆ ಕ್ಯಾಲೆಂಡರು ಬೇಡ, ಆಟೋ ಬೇಕು, ತಕ್ಷಣ ಹೋಗಬೇಕು.

೨೦೨೫ರ ಅಕ್ಟೋಬರ್ ೯ರಂದು ಕರ್ನಾಟಕದ ಸಚಿವ ಸಂಪುಟ, ಸರಕಾರಿ ಮತ್ತು ಖಾಸಗಿ ಕೆಲಸದ ಹೆಂಗಸರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ ೧೨ ದಿನ ಸಂಬಳ ಸಹಿತ ಮುಟ್ಟಿನ ರಜೆಯನ್ನು ಒಪ್ಪಿತು. ಬಿಹಾರದಲ್ಲಿ ಸರಕಾರಿ ನೌಕರರಿಗೆ ೧೯೯೨ರಲ್ಲೇ ತಿಂಗಳಿಗೆ ಎರಡು ದಿನ ಕೊಟ್ಟಿದ್ದರು. ನಮಗೆ ಸಂತೋಷವೇ, ನಮ್ಮ ನಾಡಿನ ಹೆಮ್ಮೆಯೇ. ಆದರೂ ಒಂದು ಮಾತು: ಅರೆತಲೆನೋವಿನವಳಿಗೆ ರಜೆ ಬೇಕಾಗುವುದು ಎಷ್ಟೋ ಸಲ ಮುಟ್ಟಿಗೆ ಎರಡು ದಿನ ಮುಂಚೆ! ನಾಗಪುರದಲ್ಲಿರುವ ನಮಗಂತೂ ಆ ರಜೆ ಸಲ್ಲುವುದಿಲ್ಲ, ಅಡಿಗೆ ಮನೆಯಲ್ಲಿ ಹಾಜರಿ ಪುಸ್ತಕವೂ ಇಲ್ಲ. ಊರಿನಲ್ಲಾದರೆ ಅತ್ತಿಗೆ ನಾದಿನಿಯರು ಒಲೆ ನೋಡಿಕೊಳ್ಳುತ್ತಿದ್ದರು. ಇಲ್ಲಿ ಎರಡು ಕೋಣೆಯ ಮನೆ, ಒಬ್ಬಳೇ ಹೆಂಗಸು. ಹಿಂದಿನ ಸಾಲಿನ ಸೋದರರೆ, ಗೀಟು ಬಿದ್ದ ದಿನ ಅನ್ನ ತಿಳಿಸಾರು ನಿಮ್ಮದಾಗಲಿ. ಒಗ್ಗರಣೆ ಹಾಕುವಾಗ ಬಾಗಿಲು ಮುಚ್ಚಿಕೊಳ್ಳಿ, ಕುಕ್ಕರಿನ ಬದಲು ಪಾತ್ರೆಯಲ್ಲಿ ಬೇಯಿಸಿ. ಟಿ.ವಿ. ಆರಿಸಿ.

ನಾವು ನಕ್ಕ ಸೋದರಿ ಈ ಸಭೆಗೆ ಬಂದಿದ್ದಾರೆ. ಅವರ ಮನೆಗೆ ಹೋಗಿ ಕ್ಷಮೆ ಕೇಳಿದಾಗ ಅವರು ಕಾಲನಿರ್ಣಯವನ್ನು ಕೆಳಗಿಳಿಸಿ ತೋರಿಸಿದರು. ಮುಂದಿನ ಸಭೆಯ ದಿನ ಗೊತ್ತುಮಾಡುವಾಗ ಅವರ ಚುಕ್ಕೆ ತಪ್ಪಿಸಿ ಗೊತ್ತುಮಾಡಿದ್ದೇವೆ.