ಟೆಂಟಿನ ಹೊರಗೆ ಕೂತು ಕೇಳಿದ ಸಿನಿಮಾ

ಕೆಲವು ತಿಂಗಳ ಹಿಂದೆ ನರಗುಂದದ ಕಾಲೇಜೊಂದರಲ್ಲಿ, ದೂರದರ್ಶನದ ಕಾರ್ಯಕ್ರಮಗಳು ಹೇಗೆ ತಯಾರಾಗುತ್ತವೆ ಎಂಬುದನ್ನು ಕುರಿತು ಮಾತಾಡಲು ನನ್ನನ್ನು ಕರೆದಿದ್ದರು. ಮಾತು ಮುಗಿದು ಪ್ರಶ್ನೋತ್ತರ ನಡೆಯುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ಸರ್, ನಿಮಗ ಭಾಳ ಸೇರಿದ ಸಿನಿಮಾ ಯಾವುದ್ರೀ?” ಎಂದು ಕೇಳಿದಳು. ನಾನು ಒಂದು ಕ್ಷಣವೂ ತಡಮಾಡದೆ ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’ ಎಂದು ಮೂರು ಹೆಸರು ಹೇಳಿದೆ. ಮೂರೂ ಆಯಾ ವರ್ಷದ ದೇಶದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದವು. ಯಾರೂ ತಪ್ಪು ಹಿಡಿಯಲಾರದ ಉತ್ತರ. ಆ ಹುಡುಗಿ ಕೂಡಲಿಲ್ಲ. “ಅವು ಛಲೋ ಸಿನಿಮಾ ಅಂತ ಎಲ್ಲಾರೂ ಹೇಳ್ತಾರ್ರೀ. ನಿಮಗ ಸೇರಿದ್ದು ಯಾವುದು ಅಂತ ಕೇಳಿದೆ ನಾನು” ಎಂದಳು. ಸಭೆ ನಕ್ಕಿತು. ನಾನೂ ನಕ್ಕು, ಬಸ್ಸಿಗೆ ಹೊತ್ತಾಯಿತೆಂದು ನೆಪ ಹೇಳಿ ತಪ್ಪಿಸಿಕೊಂಡೆ.

ನರಗುಂದದಿಂದ ರೋಣದ ಕಡೆಗೆ ಬರುವ ಬಸ್ಸಿನಲ್ಲಿ, ಕಿಟಕಿಯಾಚೆಯ ಎರೆ ಹೊಲಗಳನ್ನು ನೋಡುತ್ತ ಕೂತಾಗ, ನಾನು ಹೇಳಿದ್ದು ಪರೀಕ್ಷೆಯ ಉತ್ತರ ಎನ್ನುವುದು ಹೊಳೆಯಿತು. ಅವು ದೊಡ್ಡ ಚಿತ್ರಗಳು ಎನ್ನುವುದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಆದರೆ ಮನಸ್ಸಿಗೆ ಬೇಸರವಾದ ರಾತ್ರಿ ನಾನು ಹುಡುಕಿ ನೋಡುವ ಚಿತ್ರಗಳು ಅವಲ್ಲ. ಅಂದು ಕೊಡದ ಉತ್ತರವನ್ನು ಇಂದು ನಿಮ್ಮೆದುರು ಕೊಡುತ್ತೇನೆ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ರೋಣಕ್ಕೂ ಗಜೇಂದ್ರಗಡಕ್ಕೂ ನಡುವಿನ ಒಂದು ಹಳ್ಳಿ ನನ್ನ ಅಜ್ಜಿಯ ಊರು. ಸುಗ್ಗಿ ಮುಗಿದ ಮೇಲೆ, ಮಳೆಗಾಲ ಶುರುವಾಗುವವರೆಗೆ, ಊರ ಹೊರಗಿನ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಟೆಂಟು ಏಳುತ್ತಿತ್ತು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ನಮ್ಮ ಮನೆಯಲ್ಲಿ ವಾರಕ್ಕೆ ಒಂದು ನೆಲದ ಟಿಕೇಟಿಗೆ ದುಡ್ಡು ಸಿಗುತ್ತಿತ್ತು, ಅದೂ ಅಜ್ಜಿಯ ಲಹರಿಯ ಮೇಲೆ. ಉಳಿದ ಆರು ರಾತ್ರಿ ನಾವು ನಾಲ್ಕೈದು ಹುಡುಗರು ಟೆಂಟಿನ ಬಟ್ಟೆಗೆ ಬೆನ್ನು ಹಚ್ಚಿ ಹೊರಗೆ ಕೂತು ಸಿನಿಮಾ ಕೇಳುತ್ತಿದ್ದೆವು. ಪರದೆಯ ಹಿಂಬದಿಗೆ ಹೋದರೆ ಚಿತ್ರ ತಿರುವುಮುರುವಾಗಿಯಾದರೂ ಕಾಣುತ್ತದೆ ಎಂದು ನಮಗೆ ಗೊತ್ತಿತ್ತು. ಟೆಂಟಿನ ಮಾಲೀಕರಿಗೂ ಗೊತ್ತಿತ್ತು. ಅಲ್ಲಿ ಜಾಲಿಮುಳ್ಳಿನ ಬೇಲಿ ಇತ್ತು.

ಇಲ್ಲಿ ನಿಮಗೊಂದು ವಿಜ್ಞಾನದ ಸಂಗತಿ ಹೇಳಬೇಕು. ಬಿ.ಎಸ್ಸಿ. ಓದುವಾಗ ಇದನ್ನು ತಿಳಿದು ನನಗೆ ಬಹಳ ಸಂತೋಷವಾಗಿತ್ತು. ಆ ಕಾಲದ ಸಿನಿಮಾ ರೀಲಿನ ಒಂದು ಅಂಚಿನಲ್ಲಿ, ಚಿತ್ರಗಳ ಪಕ್ಕದಲ್ಲಿ, ಒಂದು ಸಣ್ಣ ಪಟ್ಟಿ ಇರುತ್ತಿತ್ತು. ಮಾತು, ಹಾಡು, ಗುಡುಗು, ಗೆಜ್ಜೆ ಎಲ್ಲವೂ ಆ ಪಟ್ಟಿಯಲ್ಲಿ ಅಗಲ ಕಿರಿದಾಗುವ, ಹಿರಿದಾಗುವ ಬಿಳಿ ಗೆರೆಯಾಗಿ ಅಚ್ಚಾಗಿರುತ್ತಿದ್ದವು. ಒಂದು ಚಿಕ್ಕ ದೀಪದ ಬೆಳಕು ಕೂದಲೆಳೆಯಂಥ ಸೀಳಿನಿಂದ ಹೊರಟು, ಈ ಪಟ್ಟಿಯನ್ನು ಹಾಯ್ದು, ಫೋಟೋಸೆಲ್ ಮೇಲೆ ಬೀಳುತ್ತದೆ. ಬೆಳಕು ಹೆಚ್ಚು ಕಡಿಮೆಯಾದಂತೆ ವಿದ್ಯುತ್ತೂ ಹೆಚ್ಚು ಕಡಿಮೆಯಾಗಿ ಸ್ಪೀಕರಿನಲ್ಲಿ ದನಿಯಾಗುತ್ತದೆ. ಅಂದರೆ ನಾವು ಹೊರಗೆ ಕೂತು ಕೇಳುತ್ತಿದ್ದ ದನಿಯೂ ಮೊದಲು ಬೆಳಕೇ ಆಗಿತ್ತು.

ಇನ್ನೂ ಒಂದು ವಿಚಿತ್ರವಿದೆ. ದೀಪದೆದುರು ಚಿತ್ರ ಸೆಕೆಂಡಿಗೆ 24 ಸಲ ನಿಂತು ನಿಂತು ಸಾಗಬೇಕು. ದನಿಯ ಪಟ್ಟಿಯಾದರೋ ಒಂದೇ ವೇಗದಲ್ಲಿ ಜಾರುತ್ತಿರಬೇಕು. ಎರಡೂ ಒಂದೇ ಜಾಗದಲ್ಲಿ ಆಗದ ಮಾತು. ಆದ್ದರಿಂದ ದನಿಯನ್ನು ಓದುವ ದೀಪವನ್ನು ಯಂತ್ರದಲ್ಲಿ ತುಸು ಕೆಳಗೆ ಇಟ್ಟು, ಒಂದು ಚಿತ್ರದ ಮಾತನ್ನು ಆ ಚಿತ್ರಕ್ಕಿಂತ ಸುಮಾರು 20 ಚೌಕಟ್ಟು ಮುಂದೆ ಅಚ್ಚು ಹಾಕುತ್ತಿದ್ದರು. ಆಪರೇಟರ್ ಹರಿದ ರೀಲನ್ನು ಕತ್ತರಿಸಿ ಅಂಟಿಸಿದ ಕಡೆ ಮೊದಲು ಚಿತ್ರ ಹಾರುತ್ತದೆ, ಮಾತು ಒಂದು ಸೆಕೆಂಡಿಗಿಂತ ತುಸು ಕಡಿಮೆ ಹೊತ್ತಿನ ಮೇಲೆ ಹಾರುತ್ತದೆ. ಒಳಗೆ ಕೂತವರು ಒಮ್ಮೆಲೇ ಶಿಳ್ಳೆ ಹಾಕಿದರೂ ಹೊರಗಿನ ನಮಗೆ ಮಾತು ಏಕೆ ನೆಟ್ಟಗೇ ಕೇಳಿಸುತ್ತಿತ್ತು ಎಂಬ ಒಗಟು ನನಗೆ ಬಿಡಿಸಿದ್ದು ಕಾಲೇಜಿನಲ್ಲಿ.

35 ಮಿಲಿಮೀಟರಿನ ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡೂವರೆ ತಾಸಿನ ಚಿತ್ರವೆಂದರೆ 13,500 ಅಡಿ, ನಾಲ್ಕು ಕಿಲೋಮೀಟರಿಗೂ ಮೇಲೆ! ಟೆಂಟಿನಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರ್. ಸಾವಿರ ಅಡಿಯ ಎರಡು ರೀಲು ಕೂಡಿಸಿ ಹಾಕಿದರೂ 22 ನಿಮಿಷಕ್ಕೆ ಮುಗಿದು, ಮುಂದಿನದನ್ನು ಏರಿಸುವವರೆಗೆ ದೀಪ ಹತ್ತುತ್ತಿತ್ತು. ಒಳಗಿನವರಿಗೆ ಅದು ಬೇಸರ. ಹೊರಗಿನ ನಮಗೆ ಅದೇ ಕೆಲಸದ ಹೊತ್ತು. ಇಷ್ಟು ಹೊತ್ತು ಕೇಳಿದ್ದರಲ್ಲಿ ಯಾರು ಯಾರನ್ನು ಹೊಡೆದರು, ಅತ್ತವಳು ತಾಯಿಯೋ ಹೆಂಡತಿಯೋ ಎಂದು ಜಗಳವಾಡಿ ತೀರ್ಮಾನ ಮಾಡುತ್ತಿದ್ದೆವು. ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರನ್ನು ನಾನು ಮೊದಲು ಕಂಡದ್ದು ಕೆ.ಎಸ್. ಅಶ್ವತ್ಥ್ ಅವರ ದನಿಯಲ್ಲಿ. ಆಮೇಲೆ ಒಳಗೆ ಹೋಗಿ ನೋಡಿದಾಗ ಮುಖ ದನಿಗೆ ಸರಿಯಾಗಿ ಹೊಂದಿತ್ತು. ವಜ್ರಮುನಿಯವರ ಕಾಯ ಮಾತ್ರ ನಾನು ದನಿಯಿಂದ ಲೆಕ್ಕ ಹಾಕಿದ್ದಕ್ಕಿಂತ ಒಂದು ಅಳತೆ ಕಡಿಮೆಯೇ ಆಯಿತು. ಚಿತ್ರದ ಕೊನೆ ಏನಾಯಿತೆಂದು ತಿಳಿಯಲು ಹೊರಬರುವ ಹೆಂಗಸರ ಸೆರಗು ನೋಡಬೇಕಿತ್ತು.

ಹೀಗೆ ಕೇಳುವ ಅಭ್ಯಾಸದಿಂದ ಒಂದು ಕಹಿ ಸಂಗತಿಯೂ ಕಿವಿಗೆ ಬಿತ್ತು. ಆ ಚಿತ್ರಗಳಲ್ಲಿ ನಾಯಕ, ನಾಯಕಿ, ತಾಯಿ, ಡಾಕ್ಟರು, ಪೊಲೀಸು ಎಲ್ಲರೂ ಮೈಸೂರು ಕಡೆಯ ಕನ್ನಡ ಆಡುತ್ತಿದ್ದರು. ನಮ್ಮ ಮಾತು ಬಂದರೆ ಅದು ಆಳುಮಗನ ಬಾಯಲ್ಲಿ, ನಗಿಸಲಿಕ್ಕೆ. ನಗುತ್ತಿದ್ದವರು ಬೇರೆ ಯಾರೂ ಅಲ್ಲ, ಅದೇ ಮಾತಾಡುವ ನಾವೇ. ಒಂದು ರಾತ್ರಿ ಅಜ್ಜಿಯ ಜೊತೆ ಒಳಗೆ ಕೂತಿದ್ದೆ. ಪರದೆಯ ಮೇಲೆ ಅಂಥ ಒಬ್ಬ ಆಳು, ಹೊಟ್ಟೆ ಹಸಿದೈತ್ರೀ ಎಂದ. ಟೆಂಟಿಗೆ ಟೆಂಟೇ ನಕ್ಕಿತು, ನಾನೂ ನಕ್ಕೆ. ಅಜ್ಜಿ ನನ್ನ ಕಡೆ ತಿರುಗಿ, “ಹಸಿವಾಗೇತಿ ಅಂದನಲ್ಲೋ ತಮ್ಮಾ, ಅದರಾಗ ನಗೂವಂಥಾದ್ದು ಏನೈತಿ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂತು. ಶರೀಫರಾಗಿ ಶ್ರೀಧರ್, ಗುರು ಗೋವಿಂದಭಟ್ಟರಾಗಿ ಗಿರೀಶ ಕಾರ್ನಾಡ, ಸಂಗೀತ ಸಿ. ಅಶ್ವಥ್. ರಾಷ್ಟ್ರೀಯ ಭಾವೈಕ್ಯದ ಚಿತ್ರಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಬಂದದ್ದು ಪುಸ್ತಕದಲ್ಲಿ ಓದಲು ಸಿಗುತ್ತದೆ. ಪುಸ್ತಕದಲ್ಲಿ ಇಲ್ಲದ್ದು ಇಷ್ಟು: ನಮ್ಮ ಭಾಗದ ಮಾತು ಮತ್ತು ತತ್ವಪದ ಪರದೆಯಿಂದ ಬರುತ್ತಿದ್ದರೂ ಚಿತ್ರಮಂದಿರದಲ್ಲಿ ಯಾರೂ ನಗಲಿಲ್ಲ. ಅಜ್ಜಿ ಅದನ್ನು ಗಮನಿಸಿದ್ದಳು. ಹೊರಗೆ ಬಂದ ಮೇಲೆ ಆ ಒಂದೇ ಮಾತು ಹೇಳಿದಳು. ಅದೇ ನಾಗಾಭರಣರು 1997ರಲ್ಲಿ ಕಾರ್ನಾಡರ ನಾಟಕವನ್ನು ‘ನಾಗಮಂಡಲ’ ಎಂದೇ ಚಿತ್ರ ಮಾಡಿದಾಗ ನಾನು ಕಾಲೇಜಿನ ಹುಡುಗ. ಅಲ್ಲಿ ನಾಯಕಿ ಪ್ರೀತಿಯನ್ನೂ ಸಂಕಟವನ್ನೂ ನಮ್ಮ ಮಾತಿನಲ್ಲೇ ತೋಡಿಕೊಳ್ಳುತ್ತಾಳೆ. ಚಿತ್ರವಾಗಿ ಅದರಲ್ಲಿ ಕೊರತೆಗಳಿವೆ. ವಿಮರ್ಶಕನಾಗಿ ನಾನು ಎರಡು ಪುಟ ಬರೆಯಬಲ್ಲೆ. ಆದರೂ ಟಿ.ವಿ.ಯಲ್ಲಿ ಬಂದರೆ ಕೈಯ ಕೆಲಸ ಬಿಟ್ಟು ಕೂಡುತ್ತೇನೆ.

ಕಿವಿಯ ಮಾತು ಬಂದಾಗ ರೋಣದವನಾದ ನಾನು ಒಬ್ಬರ ಹೆಸರು ಬಿಡುವ ಹಾಗಿಲ್ಲ. ಪಂಡಿತ ಭೀಮಸೇನ ಜೋಶಿಯವರು 1922ರ ಫೆಬ್ರವರಿ 4ರಂದು ಹುಟ್ಟಿದ್ದು ರೋಣದಲ್ಲಿ, ಬೆಳೆದದ್ದು ಗದಗಿನಲ್ಲಿ. 1988ರಲ್ಲಿ ದೂರದರ್ಶನ ರಾಷ್ಟ್ರೀಯ ಏಕತೆಯ ಆ ಪ್ರಸಿದ್ಧ ಗೀತೆಯನ್ನು ಪ್ರಸಾರ ಮಾಡಿದಾಗ ಮೊದಲ ದನಿ ಅವರದೇ. ನಮ್ಮ ಓಣಿಯ ಹಿರಿಯರು, “ಇಂವಾ ನಮ್ಮ ರೋಣದಾಂವ” ಎಂದು ಪ್ರತಿ ಸಲವೂ, ಮೊದಲ ಸಲ ಹೇಳಿದಂತೆ ಹೇಳುತ್ತಿದ್ದರು. ಅವರು ಸಿನಿಮಾಕ್ಕೆ ಹಾಡಿದ್ದು ಕೈಬೆರಳಲ್ಲಿ ಎಣಿಸುವಷ್ಟು. 1956ರ ಹಿಂದಿ ಚಿತ್ರ ‘ಬಸಂತ್ ಬಹಾರ್’ನಲ್ಲಿ ಇಬ್ಬರು ಗಾಯಕರ ಸ್ಪರ್ಧೆಯ ಹಾಡೊಂದಿದೆ. ನಾಯಕನ ದನಿ ಮನ್ನಾ ಡೇ, ಎದುರಾಳಿಯ ದನಿ ಭೀಮಸೇನರು. ಕಥೆಯಂತೆ ಗೆಲ್ಲಬೇಕಾದವನು ನಾಯಕ. ಭೀಮಸೇನರನ್ನು ಹಾಡಿನಲ್ಲಿ ಸೋಲಿಸುವುದೆಂದರೆ ಹೇಗೆ ಎಂದು ಹೆದರಿ ಊರು ಬಿಟ್ಟು ಓಡುವ ಯೋಚನೆ ಮಾಡಿದ್ದಾಗಿ ಮನ್ನಾ ಡೇ ಮುಂದೆ ಹಲವು ಸಲ ಹೇಳಿಕೊಂಡಿದ್ದಾರೆ. ಆ ಹಾಡನ್ನು ಕಣ್ಣು ಮುಚ್ಚಿ ಕೇಳಿ. ಯಾರು ಗೆದ್ದರೆಂದು ಚಿತ್ರ ತೋರಿಸುವುದು ಒಂದು, ಕಿವಿ ಹೇಳುವುದು ಇನ್ನೊಂದು. ನನ್ನದು ಊರ ಅಭಿಮಾನ ಎನ್ನುವುದಾದರೆ ಅನ್ನಿ. 1966ರಲ್ಲಿ ರಾಜಕುಮಾರ್ ನಾಯಕರಾಗಿದ್ದ, ಅ.ನ.ಕೃ. ಅವರ ಕಾದಂಬರಿ ಆಧರಿಸಿದ ‘ಸಂಧ್ಯಾರಾಗ’ಕ್ಕೆ ಅವರು ಕನ್ನಡದಲ್ಲಿ ಹಾಡಿದರು. ಬಾಲಮುರಳಿಕೃಷ್ಣ ಅವರೂ ಅದೇ ಚಿತ್ರಕ್ಕೆ ಹಾಡಿದ್ದಾರೆ. ಹಿಂದುಸ್ತಾನಿ ಮತ್ತು ಕರ್ನಾಟಕ ಸಂಗೀತದ ಇಬ್ಬರು ದಿಗ್ಗಜರ ದನಿ ಒಂದೇ ಚಿತ್ರದಲ್ಲಿ ಕೇಳಬೇಕಾದರೆ ಇದನ್ನು ಕೇಳಬೇಕು. 1985ರ ‘ಅನ್‌ಕಹೀ’ ಚಿತ್ರದ ಹಾಡುಗಾರಿಕೆಗೆ ಅವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿಯೂ ಬಂತು.

‘ಘಟಶ್ರಾದ್ಧ’ದ ವಿಷಯದಲ್ಲಿ ಒಂದು ತಪ್ಪೊಪ್ಪಿಗೆ. ಗಿರೀಶ ಕಾಸರವಳ್ಳಿಯವರ 1977ರ ಈ ಕಪ್ಪು-ಬಿಳುಪು ಚಿತ್ರವನ್ನು ನಾನು ಮೊದಲು ಕಂಡದ್ದು ಒಂದು ಭಾನುವಾರ ಮಧ್ಯಾಹ್ನ, ಟಿ.ವಿ.ಯಲ್ಲಿ, ಊಟವಾದ ಮೇಲೆ. ನಿದ್ದೆ ಹೋದೆ. ಮಾತು ಕಡಿಮೆ, ಹಾಡಿಲ್ಲ. ಕಿವಿಗೆ ಹಿಡಿದುಕೊಳ್ಳಲು ಏನೂ ಇಲ್ಲವೆಂದು ನನ್ನ ಅಂದಿನ ತೀರ್ಪು. ವೃತ್ತಿಗೆ ಬಂದ ಮೇಲೆ ಮತ್ತೆ ನೋಡಿದಾಗ ಆ ಮೌನವನ್ನೂ ಯಾರೋ ಕೂತು ಹೆಣೆದಿದ್ದಾರೆ ಎನ್ನುವುದು ತಿಳಿಯಿತು. ಆ ಚಿತ್ರದ ಪ್ರತಿಯನ್ನು ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಿಮಗೂ ಮೊದಲ ಸಲ ನಿದ್ದೆ ಬಂದರೆ ನಾಚಿಕೊಳ್ಳಬೇಡಿ. ನಾಲ್ಕೈದು ವರ್ಷ ಬಿಟ್ಟು ಮತ್ತೆ ಕೂತು ನೋಡಿ.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ.

ಬಹುಶಃ 1989. ನಾನು ಒಂಬತ್ತು-ಹತ್ತು ವರ್ಷದವನು. ಟೆಂಟಿಗೆ ಹೊಸ ಚಿತ್ರ ಬಂತು. ಎಂದಿನಂತೆ ನಾವು ಹೊರಗೆ ಬೆನ್ನು ಹಚ್ಚಿ ಕೂತೆವು. ಸಂಗೀತ ಕೇಳಿತು, ಬಾಗಿಲು ತೆರೆದ ಸದ್ದು ಕೇಳಿತು, ಲೋಟ ಬಿದ್ದ ಸದ್ದು ಕೇಳಿತು. ಮಾತೇ ಬರಲಿಲ್ಲ. ಸ್ಪೀಕರ್ ಕೆಟ್ಟಿದೆ ಎಂದುಕೊಂಡೆವು. ಆದರೆ ಒಳಗೆ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಒಂದು ರೀಲು ಮುಗಿಯಿತು, ಎರಡು ಮುಗಿಯಿತು, ಯಾರೂ ಒಂದು ಮಾತಾಡಲಿಲ್ಲ, ನಗು ನಿಲ್ಲಲಿಲ್ಲ. ನಮ್ಮ ವಿದ್ಯೆಯೆಲ್ಲ ಅಂದು ಕೈಕೊಟ್ಟಿತು. ಸಿಂಗೀತಂ ಶ್ರೀನಿವಾಸರಾವ್ ಅವರ ‘ಪುಷ್ಪಕ ವಿಮಾನ’ ಅದು. 1987ರಲ್ಲಿ ಬಂದ, ಕಮಲಹಾಸನ್ ನಟಿಸಿದ, ಮಾತೇ ಇಲ್ಲದ ಚಿತ್ರ. ಮರುದಿನ ಅಜ್ಜಿಗೆ ದುಂಬಾಲು ಬಿದ್ದು, ಮುಂದಿನ ವಾರದ ಟಿಕೇಟು ಬೇಡವೆಂದು ಕರಾರು ಮಾಡಿಕೊಂಡು, ಒಳಗೆ ಹೋಗಿ ನೆಲದ ಮೇಲೆ ಕೂತೆ.

ಕಥೆ ನಿಮಗೆ ಗೊತ್ತಿರಬಹುದು. ಕೆಲಸವಿಲ್ಲದ ಒಬ್ಬ ಬಡ ಯುವಕ, ಕುಡಿದು ಬಿದ್ದ ಶ್ರೀಮಂತನ ಜಾಗಕ್ಕೆ ಸೇರಿ ದೊಡ್ಡ ಹೋಟೆಲಿನ ಕೋಣೆ ಹಿಡಿಯುತ್ತಾನೆ. ಮೆತ್ತನೆಯ ಹಾಸಿಗೆ, ತಣ್ಣನೆಯ ಗಾಳಿ, ಎಲ್ಲ ಇದೆ. ಆದರೆ ನಿದ್ದೆ ಬರುವುದಿಲ್ಲ. ಏಕೆಂದರೆ ಅವನು ಇಷ್ಟು ದಿನ ಮಲಗುತ್ತಿದ್ದ ಕೋಣೆ ಒಂದು ಸಿನಿಮಾ ಟಾಕೀಸಿನ ಪಕ್ಕದ್ದು. ರಾತ್ರಿಯೆಲ್ಲ ಗೋಡೆಯಾಚೆಯಿಂದ ಬರುವ ಹೊಡೆದಾಟದ ಸದ್ದಿನಲ್ಲೇ ಅವನಿಗೆ ನಿದ್ದೆಯ ರೂಢಿ. ಕೊನೆಗೆ ಅವನು ಟೇಪ್ ರೆಕಾರ್ಡರ್ ತೆಗೆದುಕೊಂಡು ತನ್ನ ಹಳೆಯ ಜಾಗಕ್ಕೆ ಹೋಗಿ, ಆ ಸದ್ದನ್ನು ತುಂಬಿಕೊಂಡು ಬಂದು, ತಲೆಯ ಪಕ್ಕ ಹಚ್ಚಿಟ್ಟು ಮಲಗುತ್ತಾನೆ.

ಒಳಗಿದ್ದವರೆಲ್ಲ ನಕ್ಕರು. ನಾನು ಟೆಂಟಿನ ಬಟ್ಟೆಯ ಕಡೆ ತಿರುಗಿ ನೋಡಿದೆ. ನನ್ನ ಗೆಳೆಯರು ಅಂದೂ ಹೊರಗೆ ಕೂತಿದ್ದರು. ಅವರ ಬೆನ್ನು ಒತ್ತಿದ ಕಡೆ ಬಟ್ಟೆ ನಾಲ್ಕು ಕಡೆ ಒಳಗೆ ಉಬ್ಬಿತ್ತು. ಪರದೆಯ ಮೇಲಿನ ಆ ಮನುಷ್ಯನೂ ನಮ್ಮ ಹಾಗೆಯೇ ಹೊರಗಿನಿಂದ ಸಿನಿಮಾ ಕೇಳುವವನು ಎಂದು ಓಡಿಹೋಗಿ ಅವರಿಗೆ ಹೇಳಬೇಕೆನಿಸಿತು. ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲವೆಂದು ಕೂತೇ ಇದ್ದೆ. ಆಟ ಬಿಟ್ಟ ಮೇಲೆ, ಮನೆಗೆ ಹೋಗುವ ದಾರಿಯುದ್ದಕ್ಕೂ ಕತ್ತಲಲ್ಲಿ ಅವರಿಗೆ ಆ ದೃಶ್ಯ ಹೇಳಿದೆ, ಟೇಪ್ ರೆಕಾರ್ಡರ್ ಹೊತ್ತು ನಡೆಯುವುದನ್ನು ಮಾಡಿಯೂ ತೋರಿಸಿದೆ.

ನರಗುಂದದ ತಂಗೀ, ನನಗೆ ಸೇರಿದ ಸಿನಿಮಾ ಅದು. ಅಂದು ಹೇಳದೆ ಹೋದದ್ದಕ್ಕೆ ಕ್ಷಮೆ ಇರಲಿ.